ದಿಬ್ಬದ ಮೇಲಿನ ಒಲೆ

ಅಪ್ಪ ತೀರಿಕೊಂಡ ನಲವತ್ತನೆಯ ದಿನ, ಬಂದವರೆಲ್ಲ ಉಂಡು ಕೈತೊಳೆದು ಚಹಾಕ್ಕೆ ಕೂತ ಮೇಲೆ, ಬದಾವಿ ತನ್ನ ತಂಗಿಗೆ ಮರಳುದಿಬ್ಬವನ್ನು ಬಿಟ್ಟುಕೊಟ್ಟ. ಎಲ್ಲರ ಎದುರು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಬಹಳ ದೊಡ್ಡ ಮನಸ್ಸಿನವನ ಹಾಗೆ ಕೊಟ್ಟ.

ನಮ್ಮೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲ ಕೊಡುವ ಪದ್ಧತಿ ಇಲ್ಲ. ಧರ್ಮ ಕೊಡು ಅನ್ನುತ್ತದೆ, ಸರ್ಕಾರವೂ ಕೊಡು ಅನ್ನುತ್ತದೆ. ಅಣ್ಣತಮ್ಮಂದಿರು ಹಬ್ಬಕ್ಕೊಂದು ಪಾಲು ಮಾಂಸ, ಮಗು ಹುಟ್ಟಿದರೆ ಒಂದು ಬುಟ್ಟಿ ಹಣ್ಣು ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಅಕ್ಕತಂಗಿಯರು ಅದನ್ನು ತಿಂದು ಬಾಯಿ ಒರೆಸಿಕೊಳ್ಳಬೇಕು. ಬದಾವಿಯ ತಂಗಿ ಇನ್ಸಾಫ್ ಒರೆಸಿಕೊಳ್ಳುವ ಪೈಕಿ ಅಲ್ಲ. ಗಂಡ ಸತ್ತು, ಮಗಳು ರಾವ್ಯಾಳನ್ನು ಕರೆದುಕೊಂಡು ತವರಿಗೆ ಬಂದು ಮೂರು ವರ್ಷವಾಗಿತ್ತು. ಆ ಮೂರು ವರ್ಷ ಅಪ್ಪನ ಕೆಮ್ಮು ನೋಡಿಕೊಂಡವಳು ಅವಳು, ಇಡೀ ಮನೆಗೆ ರೊಟ್ಟಿ ಸುಟ್ಟವಳು ಅವಳು. ಎಲ್ಲರೂ ಊಟದ ಗುಂಡುಮಣೆಯ ಸುತ್ತ ಕೂತು ಉಣ್ಣುವಾಗ ಬಿಸಿ ರೊಟ್ಟಿ ತಂದು ಹಾಕುತ್ತ, ಅಂಗಳದ ಒಲೆಯ ಹತ್ತಿರ ನಿಂತುಕೊಂಡೇ ತನ್ನ ತುತ್ತು ನುಂಗುತ್ತಿದ್ದಳು. ಕೂತು ಉಣ್ಣು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಪಕ್ಕದ ಮನೆ ನಮ್ಮದು. ನಡುವೆ ಇರುವುದು ಮೊಣಕಾಲೆತ್ತರದ ಗೋಡೆ.

ಅವತ್ತು ಅವಳು ಗಂಡಸರ ನಡುವೆ ಬಂದು ಕೇಳಿಯೇಬಿಟ್ಟಿದ್ದಳು: "ನನ್ನ ಪಾಲು ಯಾವುದು ಅಣ್ಣಾ?"

ಅವರದು ಒಂದೂವರೆ ಫದ್ದಾನ್, ಅಂದರೆ ಸುಮಾರು ಒಂದೂವರೆ ಎಕರೆ ಹೊಲ. ದಕ್ಷಿಣಕ್ಕೆ ಸರೋವರ, ಉತ್ತರಕ್ಕೆ ದಿಬ್ಬ, ದಿಬ್ಬದಾಚೆ ಸಮುದ್ರ. ನೀರು ಹಾಯದ ನೆಲ ನಮ್ಮವರ ಲೆಕ್ಕದಲ್ಲಿ ನೆಲವೇ ಅಲ್ಲ. ದಿಬ್ಬದ ಮೇಲೆ ಎರಡು ಮುದಿ ಖರ್ಜೂರದ ಮರ, ಒಂದಿಷ್ಟು ಮುಳ್ಳುಪೊದೆ, ಗಾಳಿ. ಅಷ್ಟೆ.

"ದಿಬ್ಬ ಪೂರ್ತಿ ನಿಂದು ತಗೋ," ಅಂದ ಬದಾವಿ. "ಹೊಲಕ್ಕಿಂತ ದೊಡ್ಡದೇ ಇದೆ. ಇನ್ನು ಅಣ್ಣ ಅನ್ಯಾಯ ಮಾಡ್ದ ಅನ್ಬೇಡ."

ಯಾರೋ ಕಿಸಕ್ಕೆಂದರು. ಅವರ ಚಿಕ್ಕಪ್ಪ ಹಾಜಿ ಶರ್ನೂಬಿ, ಮನೆತನದ ಹಿರಿಯ, ಗಡ್ಡ ಸವರಿಕೊಂಡು, "ಹಾಗಿದ್ರೆ ಫಾತಿಹಾ ಓದೋಣ," ಅಂದ. ಫಾತಿಹಾ ಓದಿ ಕೊಟ್ಟ ಮಾತನ್ನು ನಮ್ಮಲ್ಲಿ ಯಾರೂ ತಿರುಗಿಸುವುದಿಲ್ಲ. ಎಲ್ಲರೂ ಅಂಗೈ ಬಿಡಿಸಿ ಓದಿದರು. ಶರ್ನೂಬಿಯ ದನಿಯೇ ಎಲ್ಲಕ್ಕಿಂತ ಜೋರಾಗಿತ್ತು.

"ನಾದಿನೀ, ಇನ್ಮೇಲೆ ನಿನ್ನ ಆಡುಗಳಿಗೆ ಮರಳು ಮೇಯ್ಸು," ಅಂದಳು ಬದಾವಿಯ ಹೆಂಡತಿ ಸನಿಯ್ಯಾ, ಚಹಾದ ಲೋಟಗಳನ್ನು ಎತ್ತುತ್ತ.

"ಮೇಯ್ಸ್ತೀನಿ ಅತ್ತಿಗೆ. ನೀವೆಲ್ಲ ಸಾಕ್ಷಿ ಇದೀರಲ್ಲ, ಅಷ್ಟು ಸಾಕು," ಅಂದಳು ಇನ್ಸಾಫ್.

ಮೂಲೆಯಲ್ಲಿ ಕೂತಿದ್ದ ತಾಯಿ, ಹಾಜ್ಜಾ ರತೀಬಾ, ಒಂದು ಮಾತೂ ಆಡಲಿಲ್ಲ. ಗಂಡ ಸತ್ತ ಮೇಲೆ ಆಕೆ ಮಾತು ಕಡಿಮೆ ಮಾಡಿದ್ದಳು. ಚಹಾಕ್ಕೆ ಸಕ್ಕರೆ ಸಾಲದು ಅನ್ನುವುದನ್ನು ಬಿಟ್ಟರೆ ಬೇರೆ ದೂರು ಇರಲಿಲ್ಲ.

ಆ ಬೇಸಿಗೆಯೆಲ್ಲ ಇನ್ಸಾಫ್ ಮತ್ತು ರಾವ್ಯಾ ದಿಬ್ಬದ ಮೇಲೆ ಮೈ ಮುರಿದರು. ಸರೋವರದ ದಂಡೆಯಿಂದ ಜೊಂಡು ಕುಯ್ದು ತಂದು, ಮರಳಿನಲ್ಲಿ ಸಾಲಾಗಿ ಹೂತು ತಡಿಕೆ ಕಟ್ಟಿದರು. ತಡಿಕೆಗೆ ತಗುಲಿ ಗಾಳಿಮರಳು ಅಲ್ಲೇ ಕೂರುತ್ತದೆ. ಸಾಲುಗಳ ನಡುವಿನ ತಗ್ಗಿನಲ್ಲಿ ಅಂಜೂರದ ಕಡ್ಡಿ ನೆಟ್ಟರು. ಅಲ್ಲೇ ಮೊಳಕೈಯಷ್ಟು ಅಗೆದಾಗ ನೀರು ಬಂತು. ಚಳಿಗಾಲದ ಮಳೆಯನ್ನು ದಿಬ್ಬ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು.

ರಾವ್ಯಾ ಕೊಡ ತುಂಬಿ ತಂದು ಅಜ್ಜಿಗೆ ಆ ನೀರಿನಲ್ಲಿ ಚಹಾ ಕಾಯಿಸಿ ಕೊಟ್ಟಳು. ರತೀಬಾ ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದಳು.

"ಸಕ್ಕರೆ ಎಷ್ಟು ಹಾಕಿದೀಯೇ?"

"ಯಾವಾಗ್ಲೂ ಹಾಕೋದ್ರಲ್ಲಿ ಅರ್ಧ ಅಜ್ಜಿ."

"ಸುಳ್ಳು ಹೇಳ್ಬೇಡ."

"ಪ್ರವಾದಿಯಾಣೆ! ನಮ್ಮ ಬಾವಿ ನೀರು ಉಪ್ಪು, ಅದಕ್ಕೇ ನೀನು ಸಕ್ಕರೆ ಸುರೀತಿದ್ದೆ. ಇದು ದಿಬ್ಬದ ನೀರು."

ರತೀಬಾ ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದಳು. ಅವತ್ತಿನಿಂದ ಆಕೆಯ ಚಹಾ ಬೇರೆಯೇ ಕಾಯತೊಡಗಿತು.

ಬದಾವಿಯ ಹೊಲದ ಕಥೆ ಬೇರೆ. ಕೆಟ್ಟವನು ಅಂತ ಅವನನ್ನು ತಳ್ಳಿಹಾಕಲಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವನಷ್ಟು ಬೆನ್ನು ಬಗ್ಗಿಸುವವರು ಊರಿನಲ್ಲಿ ಕಡಿಮೆ. ಆದರೆ ಉಪ್ಪು ಕೆಳಗಿನಿಂದ ಬರುತ್ತದೆ. ಸಮುದ್ರ ವರ್ಷ ವರ್ಷ ಏರುತ್ತಿದೆ, ಅದರ ಜೊತೆಗೆ ನೆಲದಡಿಯ ನೀರೂ ಏರುತ್ತದೆ. ಟೊಮೇಟೊ ಗಿಡದ ಬೇರು ಅದಕ್ಕೆ ತಗುಲಿತೆಂದರೆ ಎಲೆಯ ಅಂಚು ಸುಟ್ಟಂತಾಗಿ ಗಿಡ ಒಣಗುತ್ತದೆ. ಅದಕ್ಕೆ ನಮ್ಮವರು ಹೊಲವನ್ನೇ ಎತ್ತುತ್ತಾರೆ: ಲಾರಿಗಟ್ಟಲೆ ಮರಳು ತರಿಸಿ ಹರಡಿ, ಗೊಬ್ಬರ ಬೆರೆಸಿ, ಅದರ ಮೇಲೆ ನೆಡುತ್ತಾರೆ. ಎರಡು ಮೂರು ವರ್ಷಕ್ಕೆ ಉಪ್ಪು ಮತ್ತೆ ಮುಟ್ಟುತ್ತದೆ. ಮತ್ತೆ ಎತ್ತಬೇಕು. ಆ ಮರಳು ಬರುವುದೆಲ್ಲಿಂದ ಅಂದರೆ ಸಮುದ್ರಕ್ಕೂ ಊರಿಗೂ ನಡುವೆ ನಿಂತ ಇದೇ ದಿಬ್ಬಗಳಿಂದ. ಈ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಅಕ್ಟೋಬರಿನಲ್ಲಿ ಕಂತ್ರಾಟುದಾರ ಝೀನ್ಹುಮ್ ತನ್ನ ಲೋಡರ್ ಯಂತ್ರ ತಂದ. ಮೊದಲು ಪಶ್ಚಿಮದ ನೆರೆಯವನಾದ ಮಿತ್ವಲ್ಲಿಯ ದಿಬ್ಬ ಹೋಯಿತು. ಮಿತ್ವಲ್ಲಿ ಆ ದುಡ್ಡಿನಲ್ಲಿ ಮಗಳ ಮದುವೆಗೆ ಫ್ರಿಜ್ಜು ಕೊಂಡ. ದಿಬ್ಬವಿದ್ದ ಕಡೆ ಈಗ ಒಂದು ಬಾಗಿಲು ತೆರೆದಂತಾಗಿ, ನಮ್ಮ ಅಂಗಳದಿಂದಲೇ ಸಮುದ್ರ ಕಾಣತೊಡಗಿತು. ಮಕ್ಕಳಿಗೆ ಖುಷಿಯೋ ಖುಷಿ.

ಮಿತ್ವಲ್ಲಿಯದು ಮುಗಿಯುತ್ತಲೇ ಝೀನ್ಹುಮ್ ಬದಾವಿಯ ಮನೆಗೆ ಬಂದ. ಅವನು ಹೋದ ಮೇಲೆ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತರು. ಕೆಂಪಕ್ಕಿಯ ಅನ್ನ, ಹುರಿದ ಬೂರಿ ಮೀನು, ಮೂಲಂಗಿ.

"ನಾಳಿದ್ದು ಯಂತ್ರ ನಮ್ಮ ದಿಬ್ಬಕ್ಕೆ ಬರತ್ತೆ," ಅಂದ ಬದಾವಿ, ಮೀನಿನ ಮುಳ್ಳು ಬಿಡಿಸುತ್ತ.

ಒಲೆಯ ಹತ್ತಿರ ನಿಂತಿದ್ದ ಇನ್ಸಾಫ್ ರೊಟ್ಟಿ ಹಲಗೆಯನ್ನು ಕೆಳಗಿಟ್ಟಳು. "ಯಾರ ದಿಬ್ಬಕ್ಕೆ?"

"ನಮ್ಮ ಅಂದ್ನಲ್ಲ."

"ನನ್ನ ದಿಬ್ಬ ಅನ್ನು ಅಣ್ಣಾ. ಆ ಮೇಲೆ ಮಾತಾಡೋಣ."

"ಸರಿ ತಾಯೀ, ನಿನ್ನ ದಿಬ್ಬಕ್ಕೆ. ದುಡ್ಡಲ್ಲಿ ನಿಂಗೂ ಕೊಡ್ತೀನಿ, ನುಂಗಲ್ಲ. ರಾವ್ಯಾಳ ಮದುವೆಗಾಗತ್ತೆ. ನನ್ನ ಹೊಲಕ್ಕೆ ಬೇಕಾದಷ್ಟು ಮರಳು ಅವನು ಪುಕ್ಕಟೆ ಹರಡಿ ಕೊಡ್ತಾನೆ. ಕೆಳಗಿನ ಅಂಚು ನೋಡಿದೀಯಾ? ಬೆಳ್ಳಗಾಗಿದೆ. ಉಪ್ಪು ಕೆರೆದು ಅಡುಗೆಗೆ ಹಾಕ್ಬಹುದು."

"ನೋಡಿದೀನಿ. ದಿಬ್ಬ ಹೋದ್ರೆ ಬರೀ ಅಂಚಲ್ಲ, ಪೂರ್ತಿ ಬೆಳ್ಳಗಾಗತ್ತೆ. ಮಿತ್ವಲ್ಲಿ ಮನೆ ಕಡೆ ನೋಡು. ಅಲೆ ಎಲ್ಲಿಗೆ ಬಂದಿದೆ?"

"ಅಲೆ ಅಲೆ ಅಂತ ಹೆದರಿಸ್ಬೇಡ. ಈ ವರ್ಷ ಬೆಳೆ ಬರ್ದಿದ್ರೆ ಮುಂದಿನ ವರ್ಷದ ಅಲೆ ನೋಡೋಕೆ ನಾವೇ ಇರಲ್ಲ!"

"ಮಾವಾ, ಮದುವೆ ವಿಷ್ಯಕ್ಕೆ ನನ್ನ ಹೆಸ್ರು ತರ್ಬೇಡ," ಅಂದಳು ರಾವ್ಯಾ. "ನಂಗೆ ಫ್ರಿಜ್ಜು ಬೇಡ."

"ಚಿಕ್ಕೋಳು ಬಾಯ್ಮುಚ್ಚು," ಅಂದಳು ಸನಿಯ್ಯಾ. "ಫ್ರಿಜ್ಜು ಬೇಡ್ವಂತೆ! ಮರಳು ತಿಂದು ಬಾಳ್ತಾಳಂತೆ ತಾಯಿ ಹಾಗೆ."

ಬದಾವಿ ಕೈ ಕೊಡವಿಕೊಂಡು ಎದ್ದ. "ನನ್ನ ಮನೆ ಅನ್ನ ತಿಂದ್ಕೊಂಡು ನಂಗೇ ಎದುರು ಮಾತಾಡ್ತೀಯಾ?"

"ಅನ್ನ ನಿಂದು. ರೊಟ್ಟಿ ಯಾರದು?" ಅಂದಳು ಇನ್ಸಾಫ್. "ಮೂರು ವರ್ಷದಿಂದ ಈ ಒಲೆ ಮುಂದೆ ಬೆವರಿದ್ದು ಯಾರು? ದಿಬ್ಬ ಮಾರಲ್ಲ. ನನ್ನ ಹೆಣ ಸಾಗಿಸೋ ದಿನ ಬೇಕಾದ್ರೆ ಯಂತ್ರ ತರ್ಸು."

"ಹಾಗಿದ್ರೆ ಈ ಒಲೆನೂ ನಿಂದಲ್ಲ! ಬಿಡು ಅದನ್ನ!"

ಕೋಪದಲ್ಲಿ ಆಡಿದ ಮಾತು. ಇನ್ಸಾಫ್ ಅದನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. ಉರಿಯುತ್ತಿದ್ದ ಕಟ್ಟಿಗೆಯನ್ನು ಎಳೆದು ನೀರು ಚಿಮುಕಿಸಿ, ಕೈ ಒರೆಸಿಕೊಂಡು ಹೊರಟಳು. ಅರ್ಧ ಹಿಟ್ಟು ಹಲಗೆಯ ಮೇಲೆಯೇ ಉಳಿಯಿತು.

ಮರುದಿನದಿಂದ ತಾಯಿ ಮಗಳು ಸರೋವರದ ಕಪ್ಪು ಕೆಸರನ್ನು ತಲೆಯ ಮೇಲೆ ಹೊತ್ತು ದಿಬ್ಬ ಹತ್ತತೊಡಗಿದರು. ಕೆಸರಿಗೆ ಹುಲ್ಲು ತುಳಿದು ಬೆರೆಸಿ, ಕೈಯಲ್ಲೇ ತಟ್ಟಿ ತಟ್ಟಿ, ಎರಡು ಖರ್ಜೂರದ ಮರಗಳ ನಡುವೆ ಒಲೆ ಕಟ್ಟಿದರು. ಅಷ್ಟು ದೂರ ಮಣ್ಣು ಹೊರುವುದೆಂದರೆ ತಮಾಷೆಯಲ್ಲ. ನಾನೂ ಒಂದೆರಡು ಬುಟ್ಟಿ ಹೊತ್ತೆ, ಸುಳ್ಳೇಕೆ ಹೇಳಲಿ, ನನ್ನ ಕುತ್ತಿಗೆ ವಾರವಿಡೀ ತಿರುಗಲಿಲ್ಲ.

ನಮ್ಮ ಕಡೆ ಹೆಂಗಸು ಒಲೆ ಕಟ್ಟಿ ಬೆಂಕಿ ಹಚ್ಚಿದಳೆಂದರೆ ಅಲ್ಲಿ ಮನೆ ಆಯಿತೆಂದೇ ಲೆಕ್ಕ. ಮೇಲೆ ಸೂರಿಲ್ಲದಿದ್ದರೂ ಮನೆಯೇ. ಉರಿಯುವ ಒಲೆಯನ್ನು ಒಡೆದವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಯಾರೂ ಅವನ ಕೈಯಿಂದ ಚಹಾ ಕುಡಿಯುವುದಿಲ್ಲ. ಲೋಡರ್ ನಡೆಸುವವನು ನಮ್ಮೂರಿನ ಅಳಿಯನೇ. ಯಂತ್ರ ತಂದು ದಿಬ್ಬದ ಬುಡದಲ್ಲಿ ನಿಲ್ಲಿಸಿ, ಮೇಲೆ ಹೊಗೆ ಕಂಡು ಇಳಿದುಬಿಟ್ಟ.

"ಹತ್ಸೋ ಮಾರಾಯ!" ಅಂದ ಝೀನ್ಹುಮ್.

"ಒಲೆ ಉರೀತಿದೆ ಸಾಹೇಬ್ರೇ."

"ಒಲೆಯಂತೆ! ಒಂದು ಬಕೆಟ್ ಮಣ್ಣು!"

"ಹಾಗಿದ್ರೆ ನೀವೇ ಹತ್ಸಿ. ಕೀಲಿ ಅದರಲ್ಲೇ ಇದೆ."

ಝೀನ್ಹುಮ್ ಹತ್ತಲಿಲ್ಲ. ಅವನಿಗೂ ಮದುವೆಗೆ ಬಂದ ಗಂಡುಮಕ್ಕಳಿದ್ದರು. ದಿಬ್ಬದ ಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದ ಇನ್ಸಾಫ್‌ಗೆ ಕೂಗಿ, "ರಾವ್ಯಾಳಮ್ಮಾ, ಒಳ್ಳೇ ರೇಟು ಕೊಡ್ತೀನಿ, ಯೋಚ್ನೆ ಮಾಡು!" ಅಂದ. ಅವಳು ಮೇಲಿನಿಂದಲೇ, "ರೊಟ್ಟಿ ಬೇಕಾದ್ರೆ ಬಾ, ಬಿಸಿ ಇದೆ. ಮರಳು ಬೇಕಾದ್ರೆ ಸಮುದ್ರದೊಳಗಿಂದ ತಗೋ!" ಅಂತ ಕೂಗಿದಳು. ಕೆಳಗೆ ನಿಂತಿದ್ದವರೆಲ್ಲ ನಕ್ಕರು. ಬದಾವಿ ಮುಖ ಕೆಂಪಗೆ ಮಾಡಿಕೊಂಡು ಮನೆಗೆ ನಡೆದ.

ಮನೆಯಲ್ಲಿ ರೊಟ್ಟಿ ನಿಂತಿತು. ಸನಿಯ್ಯಾಗೆ ಒಲೆ ಗೊತ್ತಿಲ್ಲ, ಪಟ್ಟಣದಿಂದ ಬಂದವಳು. ಎರಡು ದಿನ ಪ್ರಯತ್ನಪಟ್ಟು ಕೈ ಸುಟ್ಟುಕೊಂಡು, ಕೊನೆಗೆ ರೇಷನ್ ರೊಟ್ಟಿಗೆ ಸಾಲು ನಿಂತು ತಂದಳು. ರತೀಬಾ ಒಂದನ್ನು ಮುರಿಯಲು ನೋಡಿ ಕೈಬಿಟ್ಟಳು.

"ಇದೇನೇ ಸೊಸೆ, ರೊಟ್ಟಿಯಾ ಚಪ್ಪಲಿ ಹಿಮ್ಮಡಿಯಾ?"

"ಎಲ್ಲಾರೂ ತಿನ್ನೋದು ಇದೇ ಅತ್ತೆ."

"ಎಲ್ಲಾರ ಬಾಯಲ್ಲಿ ಹಲ್ಲಿದೆ. ರಾವ್ಯಾ! ಲೇ ರಾವ್ಯಾ! ನಿಮ್ಮಮ್ಮನ್ನ ಕೇಳಿ ನಂಗೆರಡು ರೊಟ್ಟಿ ತಗೊಂಬಾ."

"ಆ ಮನೆ ರೊಟ್ಟಿ ಈ ಮನೆಗೆ ಬರಕೂಡ್ದು," ಅಂದ ಬದಾವಿ.

"ಯಾವ ಮನೆ ಯಾವ ಮನೆ ಅಂತ ನಂಗೆ ಪಾಠ ಹೇಳ್ಬೇಡ. ನಿಂಗೆ ಹಾಲೂಡಿಸಿದೋಳ ಬಾಯಿಗೆ ರೊಟ್ಟಿ ಬೇಕು," ಅಂದಳು ಮುದುಕಿ.

ರೊಟ್ಟಿ ಬಂತು. ಮೊದಲು ಅಜ್ಜಿಗೆ, ಆಮೇಲೆ ಬದಾವಿಯ ಮಕ್ಕಳಿಗೆ, ಅವರು ದಿಬ್ಬಕ್ಕೇ ಓಡಿಹೋಗಿ ತಿನ್ನತೊಡಗಿದರು. ಒಂದು ಸಂಜೆ ಸನಿಯ್ಯಾ ಮಕ್ಕಳನ್ನು ಬೈದು ಕರೆತರಲು ಹೋದವಳು ಅರ್ಧ ಗಂಟೆಯಾದರೂ ಇಳಿಯಲಿಲ್ಲ. ಇಳಿದಾಗ ಸೆರಗಿನ ಅಡಿಯಲ್ಲಿ ಏನೋ ಬೆಚ್ಚಗೆ ಮುಚ್ಚಿಕೊಂಡಿದ್ದಳು. ನಾನು ಗೋಡೆಯಾಚೆಯಿಂದ ಕೆಮ್ಮಿದೆ. "ನೋಡಿದ್ದನ್ನ ನುಂಗ್ಕೊ," ಅಂದಳು. ನುಂಗಿಕೊಂಡೆ. ಬದಾವಿ ಮಾತ್ರ ರೇಷನ್ ರೊಟ್ಟಿಯನ್ನೇ ಹಳೆಯ ಚೀಸಿನ ಜೊತೆ ಕಡಿಯುತ್ತ ಒಬ್ಬನೇ ಕೂರುತ್ತಿದ್ದ.

ನಮ್ಮ ಕಡೆಯ ಚಳಿಗಾಲದ ಬಿರುಗಾಳಿಗಳಿಗೆ ಹೆಸರುಗಳಿವೆ. ನವೆಂಬರಿನಲ್ಲಿ ಬರುವುದು ಪೊರಕೆಗಾಳಿ. ಈ ಸಲ ಅದು ಚೆನ್ನಾಗಿಯೇ ಗುಡಿಸಿತು. ಬೆಳಿಗ್ಗೆ ಎದ್ದಾಗ ಮಿತ್ವಲ್ಲಿಯ ದಿಬ್ಬವಿದ್ದ ಬಾಗಿಲಿನಿಂದ ಸಮುದ್ರ ಒಳಗೆ ಬಂದಿತ್ತು. ಅವನ ಹೊಲ ಪೂರ್ತಿ ಹೊಂಡವಾಗಿತ್ತು, ಹೊಸ ಫ್ರಿಜ್ಜು ಅಂಗಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ನೀರು ಅಲ್ಲಿಗೆ ನಿಲ್ಲದೆ ಪಕ್ಕಕ್ಕೆ ಹರಿದು ಬದಾವಿಯ ಪಶ್ಚಿಮದ ಸಾಲುಗಳನ್ನೂ ತೊಳೆದಿತ್ತು. ಇನ್ಸಾಫಳ ದಿಬ್ಬ ನಿಂತಿತ್ತು. ತಡಿಕೆಗಳ ಬುಡದಲ್ಲಿ ಮೊಣಕಾಲಿನಷ್ಟು ಹೊಸ ಮರಳು ಸೇರಿ ದಿಬ್ಬ ಇನ್ನಷ್ಟು ದಪ್ಪವಾಗಿತ್ತು. ಆದರೆ ಪಕ್ಕದವನು ಬಾಗಿಲು ತೆರೆದಿಟ್ಟರೆ ಒಬ್ಬರ ದಿಬ್ಬ ಎಷ್ಟನ್ನು ತಡೆದೀತು?

ಇದನ್ನು ಕಂಡು ಬದಾವಿಗೆ ಬುದ್ಧಿ ಬಂತು ಅಂತ ನೀವು ಅಂದುಕೊಂಡರೆ, ನಿಮಗೆ ರೈತರು ಗೊತ್ತಿಲ್ಲ. ಉಪ್ಪು ನೀರು ನಿಂತ ಹೊಲಕ್ಕೆ ಮೊದಲಿಗಿಂತ ಹೆಚ್ಚು ಮರಳು ಬೇಕು. ಊರಿನ ಎಲ್ಲರಿಗೂ ಬೇಕು. ಹತ್ತಿರದಲ್ಲಿ ಉಳಿದಿದ್ದು ಇನ್ಸಾಫಳ ದಿಬ್ಬ ಒಂದೇ. ನಿನ್ನೆ ಅವಳ ಕೂಗಿಗೆ ನಕ್ಕವರೇ ಇವತ್ತು, "ಅಣ್ಣನ ಮಕ್ಕಳು ಉಪವಾಸ ಬಿದ್ರೂ ಪರವಾಗಿಲ್ಲ, ಇವಳಿಗೆ ದಿಬ್ಬ ಬೇಕು," ಅನ್ನತೊಡಗಿದರು. ನನಗೆ ಮೈ ಉರಿಯಿತು. ಉಪ್ಪು ತಂದವರು ಯಾರು, ಬೈಗುಳ ಯಾರಿಗೆ!

ಬದಾವಿ ಹಾಜಿ ಶರ್ನೂಬಿಯನ್ನು ಕರೆಸಿದ. ಝೀನ್ಹುಮ್ ಕೂಡ ಬಂದ. ಅಂಗಳದಲ್ಲಿ ಚಾಪೆ ಹಾಕಿದರು. ರತೀಬಾ ತನ್ನ ಮಾಮೂಲಿ ಮೂಲೆಯಲ್ಲಿ, ಕೈಯಲ್ಲಿ ಚಹಾ. ಇನ್ಸಾಫ್ ಬಾಗಿಲ ಬಳಿ ನಿಂತಳು.

"ನೋಡು ಮಗಳೇ," ಅಂದ ಶರ್ನೂಬಿ. "ಫಾತಿಹಾ ಓದಿ ಕೊಟ್ಟಿದ್ದು. ವಾಪಸ್ಸು ಕೊಡು ಅಂತ ಯಾರೂ ಹೇಳಲ್ಲ. ದಿಬ್ಬ ನಿಂದೇ."

"ಅಲ್ಲಾ ನಿಮಗೆ ಆಯುಸ್ಸು ಕೊಡ್ಲಿ ಚಿಕ್ಕಪ್ಪಾ."

"ಪೂರ್ತಿ ಕೇಳು. ದಿಬ್ಬ ಕೊಟ್ವಿ, ದಾರಿ ಕೊಟ್ಟಿಲ್ಲ. ಪೂರ್ವಕ್ಕೆ ಮೀನು ಸಾಕೋರ ತಂತಿಬೇಲಿ, ಪಶ್ಚಿಮಕ್ಕೆ ಈಗ ಹೊಂಡ. ನೀನು ಹತ್ತೋದು ಇಳಿಯೋದು ಬದಾವಿ ಹೊಲದ ಮೇಲೆ. ನಾಳೆಯಿಂದ ಅವನು ತನ್ನ ಹೊಲ ತುಳಿಯೋಕೆ ಬಿಡಲ್ಲ. ಏನ್ ಮಾಡ್ತೀಯಾ?"

ಇನ್ಸಾಫ್ ಅಣ್ಣನ ಕಡೆ ನೋಡಿದಳು. ಬದಾವಿ ಚಾಪೆಯ ಎಳೆ ಕೀಳುತ್ತಿದ್ದ.

"ಅಣ್ಣಾ, ಇದು ನೀನು ಯೋಚ್ನೆ ಮಾಡಿದ್ದಾ?"

"ಮಾರ್ಬಿಡು ಇನ್ಸಾಫ್. ನಿಂಗೆ ಕೈ ಮುಗಿದು ಕೇಳ್ತೀನಿ. ನಂಗೆ ಬೇರೆ ದಾರಿ ಇಲ್ಲ."

"ಕೋರ್ಟಿಗೆ ಹೋಗ್ತೀನಿ."

"ಹೋಗು," ಅಂದ ಶರ್ನೂಬಿ. "ಅಣ್ಣನ್ನ ಕೋರ್ಟಿಗೆ ಎಳೆದೋಳಿಗೆ ಈ ಊರಲ್ಲಿ ಯಾರು ಸಲಾಮು ಹೇಳ್ತಾರೆ? ನಿನ್ನ ಮಗಳನ್ನ ಯಾರು ಕೇಳ್ತಾರೆ?"

"ಹಾಗಿದ್ರೆ ಮೇಲೇ ಇರ್ತೀನಿ. ಇಳಿಯೋದೇ ಇಲ್ಲ."

"ಹಿಟ್ಟು ಆಕಾಶದಿಂದ ಬೀಳತ್ತಾ?" ಅಂದ ಝೀನ್ಹುಮ್, ನಗುತ್ತ.

ಕೆಸರು ಹೊತ್ತು ಹೊತ್ತು ಚರ್ಮ ಸುಲಿದಿದ್ದ ಇನ್ಸಾಫಳ ಕೈಗಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದವು. ರಾವ್ಯಾ ಅಳುತ್ತಿದ್ದಳು. ಬಾಗಿಲೇ ಮುಚ್ಚಿಹೋಯಿತು ಅಂದುಕೊಂಡೆ.

ಆಗ ಮೂಲೆಯಲ್ಲಿ ಲೋಟ ಕೆಳಗಿಟ್ಟ ಸದ್ದಾಯಿತು.

"ಶರ್ನೂಬಿ," ಅಂದಳು ರತೀಬಾ. "ಗಂಡ ಸತ್ತೋಳಿಗೆ ಎಷ್ಟು ಪಾಲು?"

ಶರ್ನೂಬಿ, "ಮಕ್ಕಳಿದ್ರೆ ಎಂಟನೇ ಒಂದು ಹಾಜ್ಜಾ. ದೇವರ ಮಾತು," ಅಂದ.

"ನಂಗೆ ಬಂದಿದ್ಯಾ?"

ಶರ್ನೂಬಿ ಗಡ್ಡ ಸವರಿಕೊಂಡ.

"ನಾನು ಕೇಳ್ಲಿಲ್ಲ, ನೀವು ಕೊಡ್ಲಿಲ್ಲ. ಈಗ ಕೇಳ್ತಿದೀನಿ."

"ಅಮ್ಮಾ!" ಬದಾವಿ ಗಾಬರಿಯಾಗಿ ಎದ್ದ. "ಎಲ್ಲಾ ನಿಂದೇ ಅಲ್ವಾ! ನೀನು ನನ್ನ ತಲೆ ಮೇಲಿನ ಕಿರೀಟ!"

"ಕಿರೀಟ ಬೇಡ ಮಗನೇ. ಎಂಟನೇ ಒಂದು ಸಾಕು. ಹೊಲದ ಮಧ್ಯದಲ್ಲಿ ಬೇಡ, ಒಳ್ಳೇ ಕಡೆ ಬೇಡ. ಈ ಮನೆ ಬಾಗಿಲಿಂದ ದಿಬ್ಬದ ಬುಡದ ತನಕ ಹೋಗತ್ತಲ್ಲ ಕಾಲುದಾರಿ, ಅದನ್ನೇ ಕೊಡು. ಎಂಟನೇ ಒಂದು ಆಗೋವರೆಗೂ ಅಗಲ ಮಾಡು. ಬೇರೆ ದಾರಿ ಎಲ್ಲಿದೆ ಝೀನ್ಹುಮ್, ನಿನ್ನ ಯಂತ್ರಕ್ಕೆ?"

ಝೀನ್ಹುಮ್ ನಗಲಿಲ್ಲ.

"ಹಾಜ್ಜಾ, ಈ ವಯಸ್ಸಲ್ಲಿ ನಿಮಗೆ ನೆಲ ಯಾಕೆ..." ಶರ್ನೂಬಿ ಶುರುಮಾಡಿದ.

"ಇನ್ಯಾವ ವಯಸ್ಸಲ್ಲಿ ಕೊಡ್ತಿದ್ರಿ? ಹೂಳೋವಾಗ ಆರಡಿ ಕೊಡ್ತೀರಿ, ಗೊತ್ತು. ಐವತ್ತು ವರ್ಷ ಈ ಹೊಲದಲ್ಲಿ ಸಗಣಿ ಹೊತ್ತಿದೀನಿ ನಾನು. ಉಪ್ಪು ನೀರು ಕುಡಿದೂ ಸುಮ್ನಿದ್ದೆ. ಆ ದಿಬ್ಬದಲ್ಲಿ ಸಿಹಿನೀರಿದೆ. ಸಾಯೋತನಕ ಅದರಲ್ಲಿ ಚಹಾ ಕುಡೀತೀನಿ. ಓದು ಫಾತಿಹಾ."

ಶರ್ನೂಬಿ ಬದಾವಿಯ ಮುಖ ನೋಡಿದ, ಬದಾವಿ ಚಾಪೆಯ ಮುಖ ನೋಡಿದ. ತಾಯಿ ಬಾಯಿಬಿಟ್ಟು ಕೇಳಿದ್ದನ್ನು ನಾಲ್ಕು ಜನರೆದುರು ಇಲ್ಲ ಅನ್ನುವ ಮಗ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ.

"ಓದು ಶರ್ನೂಬಿ," ಅಂದಳು ಮುದುಕಿ ಮತ್ತೆ. "ಹೋದ ಸಲ ಜೋರಾಗಿ ಓದಿದ್ದೆ. ಇವತ್ತು ಗಂಟಲು ಕಟ್ಟಿದ್ಯಾ?"

ಅವನು ಓದಿದ. ಎಲ್ಲರೂ ಓದಿದರು. ನಾನು ಗೋಡೆಯಾಚೆಯಿಂದ ಓದಿದೆ, ನನಗೆ ತಿಳಿದ ಮಟ್ಟಿಗೆ ಅವತ್ತು ನನ್ನದೇ ಜೋರು ದನಿ.

ಅದೇ ಮಧ್ಯಾಹ್ನ ರತೀಬಾ ರಾವ್ಯಾಳ ಕೈಯಲ್ಲಿ ಖರ್ಜೂರದ ನಾರಿನ ಹಗ್ಗ ಹಿಡಿಸಿ, ದಾರಿಯ ಎರಡೂ ಕಡೆ ಗೂಟ ಹೊಡೆಸಿದಳು. ದಾರಿಯ ತಲೆಯಲ್ಲಿ ಚಾಪೆ ಹಾಸಿ, ಸಣ್ಣ ಸ್ಟೌ, ಚಹಾಪುಡಿ, ಸಕ್ಕರೆ ಡಬ್ಬಿ ಇಟ್ಟುಕೊಂಡು ಕೂತಳು. ಮರುದಿನ ಝೀನ್ಹುಮ್ ಕೊನೆಯ ಸಲ ನೋಡೋಣವೆಂದು ಯಂತ್ರ ತಂದ. ಅದು ಗುಡುಗುತ್ತ ಬಂದು ಚಾಪೆಯ ಮುಂದೆ ನಿಂತಿತು. ನಡೆಸುವವನು ಇಳಿದು ಮುದುಕಿಯ ಕೈಗೆ ಮುತ್ತಿಟ್ಟ, ಚಹಾ ಕುಡಿದ, ಯಂತ್ರ ತಿರುಗಿಸಿಕೊಂಡು ಹೋದ. ಎರಡು ವಾರದ ಮೇಲೆ ಝೀನ್ಹುಮ್ ಬೇರೆ ಊರಿನ ದಿಬ್ಬ ಹುಡುಕಿಕೊಂಡು ಹೋದನಂತೆ. ಆ ಊರಿನಲ್ಲಿ ಹೆಂಗಸರಿಗೆ ಒಲೆ ಕಟ್ಟಲು ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಮಿತ್ವಲ್ಲಿಯ ಬಾಗಿಲು ಮುಚ್ಚಲು ಇನ್ಸಾಫ್ ಮೊದಲ ಜೊಂಡಿನ ಸಾಲು ಹೂತಳು. ಮಿತ್ವಲ್ಲಿಯ ಹೆಂಡತಿ ಎರಡನೆಯದನ್ನು ಹೂತಳು. ಗಂಡಸರು ದೂರ ನಿಂತು ನೋಡಿದರು.

ಶುಕ್ರವಾರ ನಮಾಜು ಮುಗಿದ ಹೊತ್ತು. ದಿಬ್ಬದ ಮೇಲಿನಿಂದ ರೊಟ್ಟಿಯ ವಾಸನೆ ಇಡೀ ಕೇರಿಗೆ ಹರಡಿತ್ತು. ಸನಿಯ್ಯಾ ಮಕ್ಕಳನ್ನು ಕಟ್ಟಿಕೊಂಡು, ಈ ಸಲ ಸೆರಗು ಮುಚ್ಚದೆ, ಹುರಿದ ಮೀನಿನ ತಟ್ಟೆ ಹಿಡಿದು ಮೇಲಕ್ಕೆ ಹೋಗಿದ್ದಳು. ಬದಾವಿ ಹೊಲದ ಉಪ್ಪು ಕೆರೆದು ಮುಗಿಸಿ, ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ದಾರಿಯ ತಲೆಗೆ ಬಂದು ನಿಂತ.

"ಅಮ್ಮಾ, ಮೇಲೆ ಹೋಗ್ಬರ್ಲಾ?"

"ಹೋಗು. ಹಸಿದೋರಿಗೆ ದಾರಿ ಇದೆ. ಸಲಿಕೆ ಇಲ್ಲಿಟ್ಟು ಹೋಗು."

"ಇದು ಹೊಲದ ಸಲಿಕೆ ಅಮ್ಮಾ. ಕೆಲಸದಿಂದ ಬರ್ತಿದೀನಿ ಅಷ್ಟೆ."

"ಗೊತ್ತು. ಇಲ್ಲಿಡು."

ಬದಾವಿ ಸಲಿಕೆಯನ್ನು ಚಾಪೆಯ ಪಕ್ಕ ಮಲಗಿಸಿ ಬರಿಗೈಯಲ್ಲಿ ದಿಬ್ಬ ಹತ್ತಿದ. ಒಲೆಯ ಸುತ್ತ ಎಲ್ಲರೂ ಗುಂಪಾಗಿ ಕೂತಿದ್ದರು, ಇನ್ಸಾಫ್ ಕೂಡ ಕೂತಿದ್ದಳು, ಕಾಲು ಚಾಚಿಕೊಂಡು. ಅವನು ಬೆವರು ಒರೆಸಿಕೊಳ್ಳುತ್ತ ನಿಂತ. ಅವಳು ಒಲೆಯಿಂದ ಉಬ್ಬಿದ ರೊಟ್ಟಿಯೊಂದನ್ನು ತೆಗೆದು ಅವನ ಕೈಗೆ ಕೊಟ್ಟಳು. ಅವನು ನಿಂತಲ್ಲೇ ಬಾಯಿಗಿಟ್ಟುಕೊಂಡ.

"ಕೂತ್ಕೋ ಅಣ್ಣಾ," ಅಂದಳು ಇನ್ಸಾಫ್. "ನನ್ನ ನೆಲದ ಮೇಲೆ ಯಾರೂ ನಿಂತ್ಕೊಂಡು ತಿನ್ನಲ್ಲ."

ಬದಾವಿ ಕೂತ.